ಮಾಜಿ ಆದ ಮೇಲೆ

ನಮ್ಮ ಸಂಘ ಸಂಸ್ಥೆಗಳ ಕಾರ್ಯಕ್ರಮಗಳಿಗೆ ಹೋಗಿ ಬರುವವರಿಗೆ 'ಮಾಜಿ' ಎಂಬ ಪದದ ತೂಕ ಗೊತ್ತಿರುತ್ತದೆ. ಮಾಜಿ ಅಧ್ಯಕ್ಷರಿಗೆ ಮೊದಲ ಸಾಲಿನಲ್ಲೊಂದು ಕುರ್ಚಿ, ಒಂದು ಶಾಲು, ಒಂದು ಹಾರ, ಕೊನೆಗೆ ನಾಲ್ಕು ಹಿತವಚನ. ಅದೇ ಮಾಜಿ ಅಧ್ಯಕ್ಷರು ಮುಂದಿನ ಮಹಾಸಭೆಗೆ ಸಾಮಾನ್ಯ ಸದಸ್ಯರಾಗಿ ಬಂದು, ಹಿಂದಿನ ಸಾಲಿನಲ್ಲಿ ಕುಳಿತು, ಕೈ ಎತ್ತಿ ಪ್ರಶ್ನೆ ಕೇಳತೊಡಗಿದರೆ ಎಲ್ಲರಿಗೂ ಇರುಸುಮುರುಸು. ದೊಡ್ಡ ಕುರ್ಚಿಯಿಂದ ಇಳಿದವರು ಚಿಕ್ಕ ಕುರ್ಚಿಯಲ್ಲಿ ಕೂರಬಾರದು ಎಂಬುದು ಎಲ್ಲೂ ಬರೆದಿಡದ, ಆದರೆ ಎಲ್ಲರೂ ಪಾಲಿಸುವ ನಿಯಮ.

ಆ ನಿಯಮವನ್ನು ಮುರಿದ ಒಬ್ಬ ದೊಡ್ಡ ಮನುಷ್ಯನ ಕಥೆ ಈ ಸಲದ ಅಂಕಣಕ್ಕೆ. ಅವರು ಅಮೆರಿಕದ ಆರನೆಯ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್. ಅಮೆರಿಕದ ಅಧ್ಯಕ್ಷರೆಂದರೆ ನಮಗೆ ವಾಷಿಂಗ್ಟನ್ ಗೊತ್ತು, ಜೆಫರ್ಸನ್ ಗೊತ್ತು, ಲಿಂಕನ್ ಅಂತೂ ಶಾಲೆಯ ಪಾಠದಿಂದಲೇ ಗೊತ್ತು. ಈ ಆಡಮ್ಸ್ ಅವರ ಹೆಸರು ಕೇಳಿದವರು ಕಡಿಮೆ. ಅಧ್ಯಕ್ಷರಾಗಿ ಅವರು ಸೋತವರು, ಅದಕ್ಕೇ ಇರಬೇಕು. ಆದರೆ ಅವರ ಬದುಕಿನ ದೊಡ್ಡ ಕೆಲಸ ಶುರುವಾದದ್ದು ಸೋತ ಮೇಲೆ.

ಹುಟ್ಟಿದ್ದು 1767ರ ಜುಲೈ 11ರಂದು, ಮ್ಯಾಸಚೂಸೆಟ್ಸ್‌ನ ಬ್ರೇನ್‌ಟ್ರೀ ಎಂಬ ಊರಿನಲ್ಲಿ. ತಂದೆ ಜಾನ್ ಆಡಮ್ಸ್ ಮುಂದೆ ದೇಶದ ಎರಡನೆಯ ಅಧ್ಯಕ್ಷರಾದವರು. ತಾಯಿ ಅಬಿಗೈಲ್ ಓದಿಕೊಂಡಿದ್ದ, ದಿಟ್ಟ ಹೆಣ್ಣುಮಗಳು. 1775ರ ಜೂನ್‌ನಲ್ಲಿ ಬಂಕರ್ ಹಿಲ್ ಕದನ ನಡೆದಾಗ ಎಂಟು ವರ್ಷವೂ ತುಂಬಿರದ ಈ ಹುಡುಗ ತಾಯಿಯ ಜೊತೆ ಗುಡ್ಡದ ಮೇಲೆ ನಿಂತು ದೂರದ ಬೆಂಕಿ, ಹೊಗೆ ನೋಡಿದ್ದ. ಹತ್ತನೆಯ ವಯಸ್ಸಿಗೆ ತಂದೆಯ ಜೊತೆ ಹಡಗು ಹತ್ತಿ ಫ್ರಾನ್ಸಿಗೆ ಹೋದ. ಫ್ರೆಂಚ್ ಎಷ್ಟು ಚೆನ್ನಾಗಿ ಬರುತ್ತಿತ್ತೆಂದರೆ, ಹದಿನಾಲ್ಕಕ್ಕೆ ರಷ್ಯಾಕ್ಕೆ ಹೊರಟ ಅಮೆರಿಕದ ಪ್ರತಿನಿಧಿಗೆ ಕಾರ್ಯದರ್ಶಿಯೂ ದುಭಾಷಿಯೂ ಆಗಿ ಹೋದ. ಹನ್ನೆರಡಕ್ಕೆ ದಿನಚರಿ ಬರೆಯಲು ಕುಳಿತವರು ಎಂಬತ್ತರವರೆಗೂ ಬರೆದರು. ಆ ದಿನಚರಿಯ 51 ಸಂಪುಟಗಳು ಇಂದಿಗೂ ಬಾಸ್ಟನ್ನಿನಲ್ಲಿವೆ.

ಮುಂದಿನದು ಏಣಿ ಹತ್ತಿದ ಹಾಗೆ. 1794ರಲ್ಲಿ ವಾಷಿಂಗ್ಟನ್ ಅವರೇ ನೆದರ್ಲೆಂಡ್ಸ್‌ಗೆ ಪ್ರತಿನಿಧಿಯಾಗಿ ನೇಮಿಸಿದರು. ಆಮೇಲೆ ಪ್ರಷ್ಯಾ, ರಷ್ಯಾ, ಬ್ರಿಟನ್. ಬ್ರಿಟನ್ ಜೊತೆಗಿನ ಯುದ್ಧವನ್ನು ಮುಗಿಸಿದ 1814ರ ಘೆಂಟ್ ಒಪ್ಪಂದದ ಮಾತುಕತೆಯಲ್ಲಿ ಅವರಿದ್ದರು. ಅಧ್ಯಕ್ಷ ಮನ್ರೋ ಅವರ ವಿದೇಶಾಂಗ ಕಾರ್ಯದರ್ಶಿಯಾಗಿ 1819ರಲ್ಲಿ ಸ್ಪೇನಿನಿಂದ ಫ್ಲಾರಿಡಾ ಪಡೆಯುವ ಒಪ್ಪಂದ ಮಾಡಿದರು. 1823ರಲ್ಲಿ ಮನ್ರೋ ಹೆಸರಿನಲ್ಲಿ ಹೊರಬಿದ್ದ ಪ್ರಸಿದ್ಧ ವಿದೇಶಾಂಗ ನೀತಿಯ ಹಿಂದೆ ಇದ್ದ ತಲೆಯೂ ಬಹುಪಾಲು ಇವರದೇ.

ಮನುಷ್ಯ ಮಾತ್ರ ಒರಟು. ನಗುಮುಖವಿಲ್ಲ, ಹೊಂದಾಣಿಕೆಯಿಲ್ಲ, ಸ್ನೇಹಿತರು ಕಡಿಮೆ. ಸೆನೆಟ್ ಸದಸ್ಯರಾಗಿದ್ದಾಗ ವಿರೋಧ ಪಕ್ಷದ ಅಧ್ಯಕ್ಷ ಜೆಫರ್ಸನ್ ಅವರ ವ್ಯಾಪಾರ ನಿರ್ಬಂಧ ದೇಶಕ್ಕೆ ಒಳ್ಳೆಯದು ಎನ್ನಿಸಿತು. ಅದರ ಪರ ಮತ ಹಾಕಿದರು. ಸ್ವಂತ ಪಕ್ಷದವರು ಸಿಟ್ಟಿಗೆದ್ದು ಅವಧಿ ಮುಗಿಯುವ ಮೊದಲೇ ಅವರ ಜಾಗಕ್ಕೆ ಬೇರೊಬ್ಬರನ್ನು ಆರಿಸಿದರು. ಆಡಮ್ಸ್ 1808ರಲ್ಲಿ ರಾಜೀನಾಮೆ ಕೊಟ್ಟು ಮನೆಗೆ ಹೋದರು. ಅವರ ಸ್ವಭಾವ ಅರ್ಥವಾಗಲು ಇದೊಂದು ಪ್ರಸಂಗ ಸಾಕು.

1824ರ ಅಧ್ಯಕ್ಷ ಚುನಾವಣೆಯಲ್ಲಿ ನಾಲ್ವರು ಕಣದಲ್ಲಿದ್ದರು. ಯುದ್ಧವೀರ ಆಂಡ್ರೂ ಜಾಕ್ಸನ್‌ಗೆ 99 ಮತಗಳು, ಆಡಮ್ಸ್‌ಗೆ 84. ಯಾರಿಗೂ ಬಹುಮತವಿಲ್ಲ. ಸಂವಿಧಾನದ ಪ್ರಕಾರ ಆಯ್ಕೆ ಪ್ರತಿನಿಧಿಗಳ ಸಭೆಗೆ ಹೋಯಿತು. ಅಲ್ಲಿನ ಸಭಾಧ್ಯಕ್ಷ ಹೆನ್ರಿ ಕ್ಲೇ ಬೆಂಬಲದಿಂದ ಆಡಮ್ಸ್ ಗೆದ್ದರು. ಗೆದ್ದ ಕೆಲವೇ ದಿನಗಳಲ್ಲಿ ಕ್ಲೇಗೆ ವಿದೇಶಾಂಗ ಕಾರ್ಯದರ್ಶಿ ಹುದ್ದೆ! ಒಳಒಪ್ಪಂದ ನಡೆದಿದೆ ಎಂದು ಜಾಕ್ಸನ್ ಕಡೆಯವರು ಬೊಬ್ಬೆ ಹಾಕಿದರು. ಆ ಕಳಂಕ ನಾಲ್ಕು ವರ್ಷವೂ ತೊಳೆಯಲಿಲ್ಲ.

ರಸ್ತೆ, ಕಾಲುವೆ, ರಾಷ್ಟ್ರೀಯ ವಿಶ್ವವಿದ್ಯಾಲಯ, ಖಗೋಳ ವೀಕ್ಷಣಾಲಯ, ಹೀಗೆ ಆಡಮ್ಸ್ ಅವರ ಕನಸುಗಳು ದೊಡ್ಡವು. ವೀಕ್ಷಣಾಲಯಗಳನ್ನು ಅವರು ಆಕಾಶದ ದೀಪಸ್ತಂಭಗಳೆಂದು ಕರೆದಾಗ ಎದುರಾಳಿಗಳು ಬಿದ್ದು ಬಿದ್ದು ನಕ್ಕರು. ಹೆಚ್ಚಿನ ಯೋಜನೆಗಳು ಕಾಂಗ್ರೆಸ್ಸಿನಲ್ಲೇ, ಅಂದರೆ ಅಲ್ಲಿನ ಸಂಸತ್ತಿನಲ್ಲೇ, ನೆಲಕಚ್ಚಿದವು. 1828ರ ಚುನಾವಣೆಯಲ್ಲಿ ಜಾಕ್ಸನ್ 178 ಮತ ಪಡೆದರು, ಆಡಮ್ಸ್ 83. ಉತ್ತರಾಧಿಕಾರಿಯ ಪ್ರಮಾಣವಚನಕ್ಕೂ ನಿಲ್ಲದೆ ಅವರು ಅಧ್ಯಕ್ಷ ಭವನ ಬಿಟ್ಟರು. ಇಪ್ಪತ್ತೆಂಟು ವರ್ಷಗಳ ಹಿಂದೆ ಸೋತಾಗ ಅವರ ತಂದೆಯೂ ಹಾಗೆಯೇ ಮಾಡಿದ್ದರು.

ಎರಡು ತಿಂಗಳೊಳಗೆ ಇನ್ನೊಂದು ಪೆಟ್ಟು. ಹಿರಿಯ ಮಗ ಜಾರ್ಜ್ ಹಡಗಿನಿಂದ ನೀರಿಗೆ ಬಿದ್ದು ತೀರಿಕೊಂಡ. ಅರವತ್ತೊಂದರ ವಯಸ್ಸಿನಲ್ಲಿ ಅಧಿಕಾರವೂ ಹೋಗಿ ಮಗನೂ ಹೋದ ಮನುಷ್ಯ ಊರಿಗೆ ಮರಳಿ ಗಿಡ ನೆಡುತ್ತ, ಪುಸ್ತಕ ಓದುತ್ತ ಉಳಿದಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ.

ಆದರೆ 1830ರಲ್ಲಿ ಊರ ಕಡೆಯವರು ಬಂದು ಪ್ರತಿನಿಧಿಗಳ ಸಭೆಗೆ ನಿಲ್ಲುತ್ತೀರಾ ಎಂದು ಕೇಳಿದರು. ಮನೆಯವರಿಗೆ ಇಷ್ಟವಿರಲಿಲ್ಲ. ದೇಶದ ಅಧ್ಯಕ್ಷರಾಗಿದ್ದವರು ಇನ್ನೂರಕ್ಕೂ ಹೆಚ್ಚು ಜನರಲ್ಲಿ ಒಬ್ಬರಾಗಿ ಕೂರುವುದೆಂದರೇನು? ಜನ ಆರಿಸಿದರೆ ಊರಿನ ಪಂಚಾಯಿತಿ ಸದಸ್ಯನಾಗುವುದೂ ಅವಮಾನವಲ್ಲ ಎಂಬುದು ಆಡಮ್ಸ್ ಅವರ ನಿಲುವು. ಪ್ರಚಾರಕ್ಕೆ ಹೋಗಲಿಲ್ಲ, ಆದರೂ ಭಾರಿ ಅಂತರದಿಂದ ಗೆದ್ದರು. ಅಧ್ಯಕ್ಷರಾಗಿದ್ದ ಮೇಲೆ ಪ್ರತಿನಿಧಿಗಳ ಸಭೆಯ ಸದಸ್ಯರಾದವರು ಅಮೆರಿಕದ ಇತಿಹಾಸದಲ್ಲಿ ಇಂದಿಗೂ ಅವರೊಬ್ಬರೇ. 1831ರ ಡಿಸೆಂಬರ್‌ನಲ್ಲಿ ಅವರು ಅಲ್ಲಿ ಕುಳಿತರು, ಸಾಯುವವರೆಗೂ ಏಳಲಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಗುಲಾಮಗಿರಿ ಅನ್ಯಾಯವೆಂದು ಆಡಮ್ಸ್ ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಒಬ್ಬ ಗುಲಾಮನನ್ನೂ ಅವರು ಕೊಂಡವರಲ್ಲ. 1820ರಲ್ಲಿ ಮಿಸ್ಸೌರಿ ರಾಜ್ಯದ ವಿಷಯದಲ್ಲಿ ದೇಶ ಇಬ್ಭಾಗವಾಗುವ ಹಂತಕ್ಕೆ ಬಂದಾಗ, ಈ ಪಾಪ ಒಂದು ದಿನ ದೇಶವನ್ನೇ ಯುದ್ಧಕ್ಕೆ ನೂಕಬಹುದೆಂದು ದಿನಚರಿಯಲ್ಲಿ ಬರೆದುಕೊಂಡರು. ಆದರೆ ಅದು ದಿನಚರಿಯಲ್ಲೇ ಉಳಿಯಿತು. ಯುದ್ಧಕಾಲದಲ್ಲಿ ಬ್ರಿಟಿಷ್ ಸೇನೆಯ ಜೊತೆ ಹೋಗಿಬಿಟ್ಟ ಗುಲಾಮರಿಗೆ ಬದಲಾಗಿ ಯಜಮಾನರಿಗೆ ಪರಿಹಾರ ಕೊಡಿ ಎಂದು ಬ್ರಿಟನ್ನಿನೊಂದಿಗೆ ವಾದಿಸಿದವರೂ ಇವರೇ. ಅಧ್ಯಕ್ಷರಾಗಿದ್ದ ನಾಲ್ಕು ವರ್ಷ ದೇಶದೊಳಗಿನ ಗುಲಾಮಗಿರಿಯ ವಿರುದ್ಧ ಬಹಿರಂಗವಾಗಿ ದನಿ ಎತ್ತಲಿಲ್ಲ. ಅಧಿಕಾರವಿದ್ದಾಗ ಕಳೆದುಕೊಳ್ಳುವುದು ಬಹಳವಿತ್ತು. ಈಗ ಉಳಿದಿದ್ದದ್ದು ಒಂದು ಸಾಮಾನ್ಯ ಕುರ್ಚಿ, ಒಂದು ನಾಲಗೆ.

ಆ ನಾಲಗೆಗೆ ಕೆಲಸ ಕೊಟ್ಟದ್ದು ಅರ್ಜಿಗಳು. ತಮ್ಮ ಕುಂದುಕೊರತೆ ನಿವಾರಿಸುವಂತೆ ಸರ್ಕಾರಕ್ಕೆ ಅರ್ಜಿ ಸಲ್ಲಿಸುವ ಹಕ್ಕು ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿಯಲ್ಲೇ ಇದೆ. ರಾಜಧಾನಿ ವಾಷಿಂಗ್ಟನ್ ನಗರದಲ್ಲಿ ಗುಲಾಮರ ಮಾರಾಟ ಹಾಡುಹಗಲೇ ನಡೆಯುತ್ತಿತ್ತು. ಆ ನಗರ ಯಾವ ರಾಜ್ಯಕ್ಕೂ ಸೇರಿರಲಿಲ್ಲ. ಆಡಳಿತ ನೇರ ಕಾಂಗ್ರೆಸ್ಸಿನ ಕೈಯಲ್ಲಿತ್ತು. ಹಾಗಾಗಿ ಇಲ್ಲಿಯಾದರೂ ಗುಲಾಮಗಿರಿ ನಿಲ್ಲಿಸಿ ಎಂದು ಉತ್ತರದ ರಾಜ್ಯಗಳ ಜನ ಅರ್ಜಿ ಕಳಿಸತೊಡಗಿದರು. ಸಭೆಗೆ ಕಾಲಿಟ್ಟ ವಾರದೊಳಗೆ ಪೆನ್ಸಿಲ್ವೇನಿಯಾದ ಕ್ವೇಕರ್ ಪಂಥದವರ ಇಂಥ 15 ಅರ್ಜಿಗಳನ್ನು ಆಡಮ್ಸ್ ಮಂಡಿಸಿದರು. ಕೆಲವೇ ವರ್ಷಗಳಲ್ಲಿ ಅರ್ಜಿಗಳು ಮೂಟೆಗಟ್ಟಲೆ ಬಂದವು. ಸಹಿಗಳು ಲಕ್ಷಗಳನ್ನು ದಾಟಿದವು. ಮತದ ಹಕ್ಕಿಲ್ಲದ ಹೆಂಗಸರು ಮನೆಮನೆಗೆ ನಡೆದು ಸಹಿ ಕೂಡಿಸಿದರು.

ದಕ್ಷಿಣದ ಸದಸ್ಯರಿಗೆ ಇದು ಸಹಿಸಲಿಲ್ಲ. ಐದು ಜನ ಗುಲಾಮರನ್ನು ಮೂರು ಜನರೆಂದು ಎಣಿಸಿ ಸ್ಥಾನ ಹಂಚುವ ಸಂವಿಧಾನದ ಕಲಮಿನಿಂದ ಅವರಿಗೆ ಸಭೆಯಲ್ಲಿ ಹೆಚ್ಚಿನ ಬಲವಿತ್ತು. ಮತ ಹಾಕಲಾಗದ ಜನರ ಲೆಕ್ಕದಲ್ಲಿ, ಅವರ ಯಜಮಾನರಿಗೆ ಸ್ಥಾನ! 1836ರ ಮೇ ತಿಂಗಳಲ್ಲಿ ಸಭೆ ಒಂದು ನಿರ್ಣಯ ಮಾಡಿತು: ಗುಲಾಮಗಿರಿಗೆ ಸಂಬಂಧಿಸಿದ ಯಾವುದೇ ಅರ್ಜಿ ಬಂದರೂ ಓದಬಾರದು, ಅಚ್ಚು ಹಾಕಬಾರದು, ಸಮಿತಿಗೆ ಕಳಿಸಬಾರದು, ಮೇಜಿನ ಮೇಲಿಟ್ಟು ಮರೆತುಬಿಡಬೇಕು. ಇತಿಹಾಸದಲ್ಲಿ ಇದಕ್ಕೆ 'ಗ್ಯಾಗ್ ರೂಲ್' ಎಂದು ಹೆಸರು. ನಾವು ಬಾಯಿಬೀಗದ ನಿಯಮ ಎನ್ನೋಣ. ಮತಕ್ಕೆ ಹೆಸರು ಕರೆದಾಗ ಆಡಮ್ಸ್ ಎದ್ದು, ಇದು ಸಂವಿಧಾನಕ್ಕೂ, ಸಭೆಯ ನಿಯಮಗಳಿಗೂ, ನನ್ನನ್ನು ಕಳಿಸಿದ ಜನರ ಹಕ್ಕಿಗೂ ವಿರುದ್ಧ ಎಂದು ಕೂಗಿ ಹೇಳಿದರು. 'ಕೂತ್ಕೊಳ್ಳಿ, ಕೂತ್ಕೊಳ್ಳಿ' ಎಂಬ ಗದ್ದಲದ ನಡುವೆಯೇ.

ಅಲ್ಲಿಂದ ಎಂಟು ವರ್ಷ ಅದೇ ಕೆಲಸ. ಅಧಿವೇಶನ ಶುರುವಾದರೆ ನಿಯಮವನ್ನು ವಿರೋಧಿಸುವುದು, ಸೋಲುವುದು, ಮತ್ತೆ ಅರ್ಜಿಗಳ ಕಟ್ಟು ಹಿಡಿದು ಏಳುವುದು. ಸಭೆಯ ನಿಯಮಾವಳಿಯನ್ನು ಅವರಷ್ಟು ಬಲ್ಲವರು ಕಡಿಮೆ. ಬಾಗಿಲು ಮುಚ್ಚಿದರೆ ಕಿಟಕಿ, ಕಿಟಕಿ ಮುಚ್ಚಿದರೆ ಬೆಳಕಿಂಡಿ.

1837ರ ಫೆಬ್ರವರಿಯ ಒಂದು ದಿನ ಅವರು ಎದ್ದು ನಿಂತು, ತಮ್ಮ ಬಳಿ 22 ಗುಲಾಮರು ಬರೆದರೆನ್ನಲಾದ ಅರ್ಜಿಯೊಂದಿದೆ, ಇದು ಬಾಯಿಬೀಗದ ನಿಯಮಕ್ಕೆ ಒಳಪಡುತ್ತದೆಯೇ ಎಂದು ಸಭಾಧ್ಯಕ್ಷರನ್ನು ಕೇಳಿದರು. ಗುಲಾಮರಿಂದ ಅರ್ಜಿಯೇ? ಸಭೆಗೆ ಬೆಂಕಿ ಬಿದ್ದಂತಾಯಿತು. ಖಂಡಿಸಿ, ಹೊರಹಾಕಿ ಎಂಬ ಕೂಗು. ಎಲ್ಲರೂ ಕೂಗಾಡಿ ಸುಸ್ತಾದ ಮೇಲೆ ಆಡಮ್ಸ್ ತಣ್ಣಗೆ ಹೇಳಿದರು: ಆ ಅರ್ಜಿ ಕೇಳುತ್ತಿರುವುದು ಗುಲಾಮಗಿರಿಯ ರದ್ದತಿಯನ್ನಲ್ಲ, ಅದಕ್ಕೆ ವಿರುದ್ಧವಾದದ್ದನ್ನು. ತಮ್ಮನ್ನು ಅಣಕಿಸಲು ಯಾರೋ ಕಳಿಸಿರಬಹುದೆಂಬ ಗುಮಾನಿ ಅವರಿಗಿತ್ತು. ಆದರೂ ವಾದ ಬಿಡಲಿಲ್ಲ. ಅರ್ಜಿಯೆಂದರೆ ಬೇಡಿಕೆ, ಮೊರೆ. ಮೊರೆಯಿಡುವುದಕ್ಕೂ ಯೋಗ್ಯತೆ ನೋಡುವುದಾದರೆ ಅತ್ಯಂತ ನೊಂದವನಿಗೆ ಉಳಿಯುವುದೇನು? ಖಂಡನೆಯ ಪ್ರಯತ್ನ ಬಿದ್ದುಹೋಯಿತು. ಮರುವರ್ಷ, ಹೆಂಗಸರು ಮನೆ ನೋಡಿಕೊಂಡಿರಲಿ, ರಾಜಕೀಯದ ಅರ್ಜಿ ಅವರಿಗೇಕೆ ಎಂದು ಸದಸ್ಯರೊಬ್ಬರು ಹೇಳಿದಾಗ ಅದಕ್ಕುತ್ತರವಾಗಿ ದಿನಗಟ್ಟಲೆ ಮಾತಾಡಿದರು.

ಈ ನಡುವೆ ಅಮಿಸ್ಟಾಡ್ ಪ್ರಕರಣ ಬಂತು. ಆಫ್ರಿಕಾದಿಂದ ಕದ್ದು ತಂದಿದ್ದ 53 ಜನರನ್ನು 1839ರಲ್ಲಿ ಹವಾನಾದಲ್ಲಿ ಇಬ್ಬರು ಸ್ಪೇನಿನವರು ಕೊಂಡು ಅಮಿಸ್ಟಾಡ್ ಎಂಬ ಹಡಗಿನಲ್ಲಿ ಸಾಗಿಸುತ್ತಿದ್ದರು. ಸಿಂಕೆ ಎಂಬ ತರುಣನ ಮುಂದಾಳತ್ವದಲ್ಲಿ ಬಂಧಿಗಳು ಬಂಡೆದ್ದು ಹಡಗನ್ನು ವಶಪಡಿಸಿಕೊಂಡು, ಆಫ್ರಿಕಾ ಕಡೆ ನಡೆಸಿ ಎಂದರು. ಹಗಲು ಪೂರ್ವಕ್ಕೆ, ರಾತ್ರಿ ಕಳ್ಳತನದಿಂದ ಉತ್ತರಕ್ಕೆ ತಿರುಗುತ್ತ ಹಡಗು ಅಮೆರಿಕದ ಕರಾವಳಿ ಸೇರಿ ನೌಕಾಪಡೆಯ ಕೈಗೆ ಸಿಕ್ಕಿತು. ಆ ಜನ ಜೈಲು ಸೇರಿದರು. ಅವರ ಮಾತು ಅಲ್ಲಿ ಯಾರಿಗೂ ತಿಳಿಯದು.

ಪರಭಾಷೆಯ ಊರಿನಲ್ಲಿ ಬದುಕುವ ನಮಗೆ ಮುಂದಿನ ಸಂಗತಿ ಮನಸ್ಸಿಗೆ ತಟ್ಟದಿರದು. ಯೇಲ್‌ನ ಭಾಷಾ ಪ್ರಾಧ್ಯಾಪಕ ಜೋಸಯ್ಯ ಗಿಬ್ಸ್ ಆ ಬಂಧಿಗಳಿಂದ ಒಂದರಿಂದ ಹತ್ತರವರೆಗಿನ ಎಣಿಕೆ ಕಲಿತುಕೊಂಡು, ನ್ಯೂಯಾರ್ಕ್ ಬಂದರಿನ ಕಟ್ಟೆಗಳ ಮೇಲೆ ಗಟ್ಟಿಯಾಗಿ ಎಣಿಸುತ್ತ ತಿರುಗಾಡಿದರು. ಕೊನೆಗೊಬ್ಬ ನಾವಿಕ ತಿರುಗಿ ನೋಡಿದ. ಅದು ಅವನಿಗೆ ತಿಳಿದ ಭಾಷೆ, ಮೆಂಡೆ. ಜೇಮ್ಸ್ ಕವಿ ಎಂಬ ಆ ನಾವಿಕ ದುಭಾಷಿಯಾದ ಮೇಲೆ ಬಂಧಿಗಳ ಕಥೆ ಅವರ ಬಾಯಿಂದಲೇ ಹೊರಬಂತು.

ಕೆಳಗಿನ ನ್ಯಾಯಾಲಯ ಅವರ ಪರ ತೀರ್ಪಿತ್ತಿತು. ಸರ್ಕಾರ ಮೇಲ್ಮನವಿ ಹಾಕಿತು. ಸುಪ್ರೀಂ ಕೋರ್ಟಿನಲ್ಲಿ ವಾದಿಸಲು ಆಡಮ್ಸ್ ಅವರನ್ನು ಕೇಳಿಕೊಂಡರು. ಅವರಿಗಾಗ 73. ಆ ನ್ಯಾಯಾಲಯದಲ್ಲಿ ವಾದಿಸಿ ಮೂವತ್ತು ವರ್ಷಗಳ ಮೇಲಾಗಿತ್ತು. ಕೈ ನಡುಗುತ್ತಿತ್ತು, ಕಣ್ಣು ಮಂಜಾಗಿತ್ತು. ನ್ಯಾಯಮೂರ್ತಿಗಳಲ್ಲಿ ಹೆಚ್ಚಿನವರು ದಕ್ಷಿಣದವರು. ವಕೀಲ ರೋಜರ್ ಬಾಲ್ಡ್ವಿನ್ ಕಾನೂನಿನ ವಾದ ಮಂಡಿಸಿದ ಮೇಲೆ, 1841ರ ಫೆಬ್ರವರಿ 24 ಮತ್ತು ಮಾರ್ಚ್ 1ರಂದು ಆಡಮ್ಸ್ ಎಂಟು ಗಂಟೆಗೂ ಹೆಚ್ಚು ಮಾತಾಡಿದರು. ಕೋರ್ಟಿನ ಕಂಬಕ್ಕೆ ತೂಗುಹಾಕಿದ್ದ ಸ್ವಾತಂತ್ರ್ಯ ಘೋಷಣೆಯ ಪ್ರತಿಯತ್ತ ಕೈ ತೋರಿಸಿ, ಇವರ ಪರವಾಗಿ ನನಗೆ ಗೊತ್ತಿರುವ ಕಾನೂನು ಅದೇ ಎಂಬರ್ಥದಲ್ಲಿ ವಾದಿಸಿದರು. ಮಾರ್ಚ್ 9ರ ತೀರ್ಪು: ಇವರು ಯಾರ ಆಸ್ತಿಯೂ ಅಲ್ಲ, ಸ್ವತಂತ್ರರು. ಸೆರೆಯಲ್ಲಿ ಕೆಲವರು ತೀರಿಕೊಂಡಿದ್ದರು. ಬದುಕುಳಿದ 35 ಜನ ಜನರ ದೇಣಿಗೆಯ ಹಣದಲ್ಲಿ ಅದೇ ವರ್ಷದ ಕೊನೆಗೆ ಆಫ್ರಿಕಾಕ್ಕೆ ಹೊರಟರು.

ಆದರೆ ಅಮಿಸ್ಟಾಡ್ ತೀರ್ಪಿನಿಂದ ಅಮೆರಿಕದೊಳಗಿನ ಗುಲಾಮರಿಗೆ ಬಿಡುಗಡೆ ಸಿಗಲಿಲ್ಲ. ಬಾಯಿಬೀಗ ಇನ್ನೂ ಇತ್ತು. 1840ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿ ಸ್ಥಾಯಿ ನಿಯಮವಾಗಿಸಿದ್ದರು.

1842ರ ಜನವರಿಯಲ್ಲಿ ನಿಜವಾದ ಪರೀಕ್ಷೆ ಬಂತು. ಮ್ಯಾಸಚೂಸೆಟ್ಸ್‌ನ ಹೇವರಿಲ್ ಊರಿನ 46 ಜನ, ಗುಲಾಮಗಿರಿಯನ್ನು ಹೊತ್ತ ಈ ಒಕ್ಕೂಟವೇ ಬೇಡ, ವಿಸರ್ಜಿಸಿ ಎಂದು ಬರೆದಿದ್ದರು. ಆಡಮ್ಸ್‌ಗೆ ಅದು ಕಿಂಚಿತ್ತೂ ಒಪ್ಪಿಗೆಯಿರಲಿಲ್ಲ. ಆದರೂ ಮಂಡಿಸಿದರು, ಸಮಿತಿಗೆ ಕಳಿಸಿ, ಇದನ್ನು ಏಕೆ ಒಪ್ಪಲಾಗದೆಂದು ಅರ್ಜಿದಾರರಿಗೆ ಕಾರಣ ತಿಳಿಸಿ ಎಂದರು. ದೇಶದ್ರೋಹ ಎಂದು ಸಭೆ ಕೆರಳಿತು, ಖಂಡನಾ ನಿರ್ಣಯ ಬಂತು. 74ರ ಮುದುಕ ತಮ್ಮ ಪರವಾಗಿ ತಾವೇ ನಿಂತರು. ಮೊದಲು ಸ್ವಾತಂತ್ರ್ಯ ಘೋಷಣೆಯ ಆರಂಭವನ್ನು ಓದಿ ಎಂದು ಗುಮಾಸ್ತರಿಗೆ ಹೇಳಿದರು. ಜನರ ಹಕ್ಕನ್ನು ಹಾಳುಮಾಡುವ ಸರ್ಕಾರವನ್ನು ಬದಲಿಸುವ ಹಕ್ಕು ಜನರಿಗಿದೆ ಎಂದು ಅದರಲ್ಲೇ ಇದೆಯಲ್ಲ! ವಾದ ಎರಡು ವಾರ ನಡೆಯಿತು. ದೇಶದ ಪತ್ರಿಕೆಗಳೆಲ್ಲ ಅದನ್ನು ವರದಿ ಮಾಡಿದವು. ಗುಲಾಮಗಿರಿಯ ಬಗ್ಗೆ ಮಾತೇ ಬೇಡ ಎಂದಿದ್ದ ಸಭೆ ಎರಡು ವಾರ ಅದನ್ನೇ ಕೇಳುತ್ತ ಕುಳಿತಿತು. ಕೊನೆಗೆ ಫೆಬ್ರವರಿ 7ರಂದು, 106ಕ್ಕೆ 93 ಮತಗಳಿಂದ, ಖಂಡನೆಯ ನಿರ್ಣಯವನ್ನೇ ಮೇಜಿನ ಮೇಲಿಟ್ಟು ಕೈಬಿಟ್ಟರು.

ತಾನು ಒಪ್ಪದ ಅರ್ಜಿಯನ್ನು ಹೊತ್ತು ಒಳಗೆ ಹೋಗುವುದು ನನ್ನ ಮಟ್ಟಿಗೆ ಆಡಮ್ಸ್ ಅವರ ಬದುಕಿನ ಅತಿ ದೊಡ್ಡ ಗಳಿಗೆ. ನಮ್ಮವರ ಪರ ವಾದಿಸುವುದು ಎಲ್ಲರಿಗೂ ಬರುತ್ತದೆ. ನಮಗೆ ಹಿಡಿಸದ ಮಾತಾಡುವವನಿಗೂ ಬಾಗಿಲು ತೆರೆದಿರಬೇಕೆಂದು ಹಟ ಹಿಡಿಯುವವರು ಅಪರೂಪ. ಇಂದು ಮೊಬೈಲಿನಲ್ಲಿ ಬೆರಳು ತಾಗಿಸಿದರೆ ಮನವಿಗೆ ಸಹಿಯಾಗುತ್ತದೆ. ಆದರೆ ಆ ಮನವಿಯನ್ನು ಕೈಯಲ್ಲಿ ಹಿಡಿದು ಒಳಗೆ ಹೋಗಿ, ಬೈಗುಳ ತಿಂದು, ಮತ್ತೆ ಮರುದಿನ ಹೋಗುವ ಒಬ್ಬ ಮನುಷ್ಯ ಬೇಕಲ್ಲ? ಸಹಿ ಹಾಕಿದ ಆ ಲಕ್ಷಾಂತರ ಹೆಂಗಸರು, ಗಂಡಸರಿಗೆ ಸಿಕ್ಕಿದ್ದ ಆ ಒಬ್ಬ ಮನುಷ್ಯ ಮಾಜಿ ಅಧ್ಯಕ್ಷರಾಗಿದ್ದರು.

1844ರ ಡಿಸೆಂಬರ್ 3ರಂದು ಆಡಮ್ಸ್ ಮತ್ತೊಮ್ಮೆ ಬಾಯಿಬೀಗದ ನಿಯಮ ತೆಗೆಯುವ ನಿರ್ಣಯ ತಂದರು. 108 ಜನ ಪರ, 80 ಜನ ವಿರುದ್ಧ. ನಿಯಮ ಹೋಯಿತು. ಅಂದಿನ ದಿನಚರಿಯಲ್ಲಿ ದೇವರಿಗೆ ಕೃತಜ್ಞತೆ ಬರೆದರು.

ಅವರ ಇನ್ನೊಂದು ಕೆಲಸವನ್ನೂ ನೆನೆಯಬೇಕು. ಜೇಮ್ಸ್ ಸ್ಮಿತ್‌ಸನ್ ಎಂಬ ಇಂಗ್ಲಿಷ್ ವಿಜ್ಞಾನಿ ಜ್ಞಾನಪ್ರಸಾರಕ್ಕೆಂದು ಅಮೆರಿಕಕ್ಕೆ ಬಿಟ್ಟುಹೋದ ಸುಮಾರು ಐದು ಲಕ್ಷ ಡಾಲರ್ ಹಣ ಕಂಡವರ ಪಾಲಾಗದಂತೆ ಹತ್ತು ವರ್ಷ ಕಾದವರು ಆಡಮ್ಸ್. 1846ರಲ್ಲಿ ಸ್ಥಾಪನೆಯಾದ ಸ್ಮಿತ್‌ಸೋನಿಯನ್ ಸಂಸ್ಥೆ ಅದರ ಫಲ. ವಾಷಿಂಗ್ಟನ್‌ಗೆ ಹೋಗುವ ನಮ್ಮವರು ತಪ್ಪದೆ ನೋಡಿ ಬರುವ ವಸ್ತುಸಂಗ್ರಹಾಲಯಗಳು ಅದಕ್ಕೆ ಸೇರಿದವು. ಆಕಾಶದ ದೀಪಸ್ತಂಭವನ್ನೂ ಅವರು ಮರೆಯಲಿಲ್ಲ. 76ರ ವಯಸ್ಸಿನಲ್ಲಿ, ನವೆಂಬರ್ ಚಳಿಯಲ್ಲಿ, ಸಿನ್ಸಿನಾಟಿಯವರೆಗೆ ಪ್ರಯಾಣ ಮಾಡಿ ಅಲ್ಲಿನ ವೀಕ್ಷಣಾಲಯಕ್ಕೆ ಅಡಿಗಲ್ಲು ಹಾಕಿ ಬಂದರು.

ಗುಲಾಮಗಿರಿಯ ಸೀಮೆಯನ್ನು ಹಿಗ್ಗಿಸುತ್ತದೆಂದು 1846ರ ಮೆಕ್ಸಿಕೊ ಯುದ್ಧವನ್ನು ವಿರೋಧಿಸಿ ಮತ ಹಾಕಿದ 14 ಸದಸ್ಯರಲ್ಲಿ ಅವರೊಬ್ಬರು. 1848ರ ಫೆಬ್ರವರಿ 21ರಂದು ಆ ಯುದ್ಧದ ಸೇನಾಧಿಕಾರಿಗಳನ್ನು ಗೌರವಿಸುವ ನಿರ್ಣಯ ಸಭೆಯ ಮುಂದೆ ಬಂತು. ಆಡಮ್ಸ್ ಸ್ಪಷ್ಟವಾಗಿ 'ಇಲ್ಲ' ಎಂದರು. ಸ್ವಲ್ಪ ಹೊತ್ತಿನಲ್ಲೇ ತಮ್ಮ ಜಾಗದಲ್ಲೇ ಕುಸಿದರು. ಅಲ್ಲಿಂದ ಹೊರಗೆ ಸಾಗಿಸುವ ಸ್ಥಿತಿ ಇರಲಿಲ್ಲ. ಪಕ್ಕದ ಸಭಾಧ್ಯಕ್ಷರ ಕೋಣೆಯಲ್ಲಿ ಎರಡು ದಿನವಿದ್ದು, 23ರಂದು ತೀರಿಕೊಂಡರು. ಆಗ 80 ವರ್ಷ.

ಅಂದಿನ ಸಭೆಯಲ್ಲಿ ಇಲಿನಾಯ್‌ನಿಂದ ಹೊಸದಾಗಿ ಬಂದಿದ್ದ ಒಬ್ಬ ಸದಸ್ಯರಿದ್ದರು, ಹೆಸರು ಅಬ್ರಹಾಂ ಲಿಂಕನ್. ಯುದ್ಧ ಬಂದರೆ, ಯುದ್ಧಕಾಲದ ಅಧಿಕಾರ ಬಳಸಿ ಗುಲಾಮರನ್ನು ಬಿಡುಗಡೆ ಮಾಡಬಹುದು ಎಂದು ಆಡಮ್ಸ್ ಸಭೆಯಲ್ಲಿ ಮೊದಲೇ ವಾದಿಸಿದ್ದರು. ಯುದ್ಧ ಬಂತು. 1863ರಲ್ಲಿ ಲಿಂಕನ್ ವಿಮೋಚನೆಯ ಘೋಷಣೆ ಹೊರಡಿಸಿದ್ದು ಅಂಥದೇ ಅಧಿಕಾರದ ಬಲದಿಂದ. ಅದಕ್ಕೂ ಮುಂಚೆ 1862ರಲ್ಲಿ ರಾಜಧಾನಿಯಲ್ಲಿ ಗುಲಾಮಗಿರಿ ರದ್ದಾಗಿತ್ತು. ಮೇಜಿನ ಮೇಲೆ ಧೂಳು ತಿಂದಿದ್ದ ಆ ಅರ್ಜಿಗಳು ಕೇಳಿದ್ದದ್ದು ಅದನ್ನೇ.

ಅಭಿಮಾನಿಗಳು ಆಡಮ್ಸ್‌ಗೆ ದಂತದ ಊರುಗೋಲೊಂದನ್ನು ಕೊಟ್ಟಿದ್ದರು. ಅರ್ಜಿಯ ಹಕ್ಕು ಗೆದ್ದಿತು ಎಂದು ಅದರ ಮೇಲೆ ಕೆತ್ತಿಸಿ, ದಿನಾಂಕದ ಜಾಗ ಮಾತ್ರ ಖಾಲಿ ಬಿಟ್ಟಿದ್ದರು. ಗೆಲುವು ಇನ್ನೂ ಬಂದಿರಲಿಲ್ಲ. ಉಡುಗೊರೆ ಇಟ್ಟುಕೊಳ್ಳುವ ಅಭ್ಯಾಸವಿಲ್ಲದ ಆಡಮ್ಸ್ ಅದನ್ನು ದೇಶಕ್ಕೇ ಬಿಟ್ಟುಕೊಟ್ಟರು. ಈಗ ಅದು ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ. ಖಾಲಿ ಇದ್ದ ಜಾಗದಲ್ಲಿ ಆಮೇಲೆ ಸೇರಿಸಿದ ದಿನಾಂಕ 1844ರ ಡಿಸೆಂಬರ್ 3. ಅವರು ಅಧ್ಯಕ್ಷ ಪದವಿಯಿಂದ ಇಳಿದು ಆಗ ಹದಿನೈದು ವರ್ಷ ದಾಟಿತ್ತು.